ಬೇಸರದ ಹಾಡನ್ನ ಮೊದಲ ಹಾಡಾಗಿ ಕಳಿಸಬೇಡಿ

[ಪರದೆ ಕಪ್ಪು. ಕ್ಯಾಸೆಟ್ ಡೆಕ್‌ನ ಬಟನ್ ಒತ್ತಿದ ಸದ್ದು. ಆಮೇಲೆ ಖಾಲಿ ಟೇಪ್‌ನ ‘ಸ್ಸ್’ ಮಾತ್ರ, ಐದು ಸೆಕೆಂಡ್.]

ನಮಸ್ಕಾರ. ಹೋದ ವಿಡಿಯೋ ನೋಡಿದವರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. ಅವರ ಮಾತಲ್ಲೇ ಓದ್ತೀನಿ. “ನನಗೆ ಪ್ರಾಣದಂಥ ಒಂದು ಬ್ಯಾಂಡ್ ಇದೆ. ನಿಧಾನದ, ಬೇಸರದ ಹಾಡುಗಳು. ಆಪ್ತ ಗೆಳತಿಗೆ ಒಂದು ಹಾಡು ಕಳಿಸಿದೆ. ಅರ್ಧ ನಿಮಿಷ ಕೇಳಿದಳೋ ಇಲ್ಲವೋ, ‘ಯಾಕೆ, ಏನಾಯ್ತು? ಹುಷಾರಾಗಿದ್ದೀಯ ತಾನೇ?’ ಅಂತ ಫೋನ್ ಮಾಡಿದಳು. ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಂಥ ಬ್ಯಾಂಡ್‌ಗಳನ್ನ ಇನ್ನೊಬ್ಬರಿಗೆ ಪರಿಚಯ ಮಾಡಿಸೋದು ಹೇಗೆ?”

ಎರಡು ವಾರದಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ನನಗೂ ಇದು ಎಷ್ಟೋ ಸಲ ಆಗಿದೆ. ನಡುರಾತ್ರಿ ಒಂದು ಹಾಡು ಎದೆಗೆ ತಾಕುತ್ತೆ, ತಡೆಯಲಾರದೆ ಲಿಂಕ್ ಕಳಿಸ್ತೀನಿ. ಬೆಳಿಗ್ಗೆ ನೋಡಿದ್ರೆ ಒಂದು ಹೆಬ್ಬೆರಳಿನ ಗುರುತು ಬಂದಿರುತ್ತೆ. ಕೇಳಿದ್ರೋ ಇಲ್ವೋ ಗೊತ್ತಾಗಲ್ಲ. ವಿಚಾರಿಸೋಕೂ ಮನಸ್ಸು ಬರಲ್ಲ.

ಗೊತ್ತಿರೋ ವಿಷಯ ಬೇಗ ಮುಗಿಸ್ತೀನಿ. ಇಂಡೀ ಅಂದ್ರೆ ಇಂಡಿಪೆಂಡೆಂಟ್. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಲೇಬಲ್‌ಗಳಿಂದ, ಅಂದ್ರೆ ಹಾಡು ಬಿಡುಗಡೆ ಮಾಡೋ ಸಣ್ಣ ಸಂಸ್ಥೆಗಳಿಂದ, ಬಂದ ಸಂಗೀತ. ಆಮೇಲಾಮೇಲೆ ಅದೇ ಹೆಸರು ಒಂದು ಶೈಲಿಗೂ ಅಂಟಿಕೊಳ್ತು. ಅದರಲ್ಲಿ ವಿಷಾದದ ಕಡೆಗೆ ವಾಲಿದ ಬ್ಯಾಂಡ್‌ಗಳನ್ನ ಸ್ಲೋಕೋರ್, ಡ್ರೀಮ್ ಪಾಪ್, ಶೂಗೇಜ್ ಅಂತೆಲ್ಲ ಕರೀತಾರೆ. ಯಾವುದು ಯಾವ ಡಬ್ಬಿಗೆ ಅನ್ನೋ ಜಗಳ ಇವತ್ತು ಬೇಡ.

ಇನ್ನೊಂದು ವಿಷಯ, ಇದು ಬೇಕಾಗುತ್ತೆ. 2014ರಲ್ಲಿ ಪ್ಲೋಸ್ ಒನ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ತರುಫಿ ಮತ್ತು ಕೋಲ್ಶ್ ಅನ್ನೋ ಇಬ್ಬರು ಸಂಶೋಧಕರು 772 ಜನರನ್ನ ಕೇಳಿದ್ರು: ಬೇಸರದ ಸಂಗೀತ ಕೇಳಿದಾಗ ನಿಮಗೆ ಏನನಿಸುತ್ತೆ? ಎಲ್ಲಕ್ಕಿಂತ ಹೆಚ್ಚು ಸಲ ಬಂದ ಭಾವ ನಾಸ್ಟಾಲ್ಜಿಯಾ. ಹಳೇದರ ಹಂಬಲ. ದುಃಖಕ್ಕೂ ಮೊದಲು ಅದು. ಈಗ ಆ ಗೆಳತಿಯ ಫೋನ್ ನೆನಪು ಮಾಡಿಕೊಳ್ಳಿ. ಕಳಿಸಿದವರು ಕೇಳಿದ್ದು ಹಂಬಲ, ಆಕೆಗೆ ಕೇಳಿಸಿದ್ದು ಅಳು. ಹಾಡು ಒಂದೇ. ಒಬ್ಬರು ಅದರೊಳಗೆ ವರ್ಷಗಟ್ಟಲೆ ಓಡಾಡಿದ್ದಾರೆ, ಇನ್ನೊಬ್ಬರು ಈಗಷ್ಟೇ ಬಾಗಿಲಲ್ಲಿ ನಿಂತಿದ್ದಾರೆ.

[ಪರದೆಯ ಮೇಲೆ: ಕೈಬರಹದ ಹಾಡಿನ ಪಟ್ಟಿ ಇರುವ ಕ್ಯಾಸೆಟ್ ಡಬ್ಬಿ.]

ಹಾಗಾದ್ರೆ ಅವರನ್ನ ಒಳಗೆ ಕರೆಯೋದು ಹೇಗೆ? ಇದಕ್ಕೆ ನಾನು ಉತ್ತರ ಹುಡುಕಿದ್ದು ಕ್ಯಾಸೆಟ್‌ಗಳಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್‌ನ ರೇಡಿಯೋ ಮೇಳದಲ್ಲಿ ಈ ಪುಟ್ಟ ಡಬ್ಬಿಯನ್ನ ತೋರಿಸ್ತು. ಒಳಗಿನ ಟೇಪ್ ನಾಲ್ಕು ಮಿಲಿಮೀಟರ್ ಅಗಲ ಕೂಡ ಇಲ್ಲ. ಸಿ-90 ಕ್ಯಾಸೆಟ್ ಅಂದ್ರೆ ಒಂದು ಬದಿಗೆ 45 ನಿಮಿಷ. ರೆಕಾರ್ಡ್ ಪ್ಲೇಯರ್‌ನಿಂದ ಅದಕ್ಕೆ ಹಾಡು ಇಳಿಸೋಕೆ ಅಡ್ಡದಾರಿ ಇರಲಿಲ್ಲ. ನಾಲ್ಕು ನಿಮಿಷದ ಹಾಡಿಗೆ ನಾಲ್ಕು ನಿಮಿಷ ಕೂರಲೇಬೇಕು. ಅಂದ್ರೆ ಯಾರಾದ್ರೂ ನಿಮಗೊಂದು ಮಿಕ್ಸ್‌ಟೇಪ್, ಅಂದ್ರೆ ತಾವೇ ಹಾಡು ಆರಿಸಿ ಜೋಡಿಸಿದ ಕ್ಯಾಸೆಟ್, ಕೊಟ್ರೆ, ಅದನ್ನ ನಿಮಗಿಂತ ಮೊದಲು ಅವರು ಪೂರ್ತಿ ಕೇಳಿದ್ದಾರೆ, ನಿಮ್ಮನ್ನ ಮನಸ್ಸಲ್ಲಿ ಇಟ್ಟುಕೊಂಡು ಕೇಳಿದ್ದಾರೆ ಅಂತ ಅರ್ಥ.

ಇಲ್ಲಿ ಒಬ್ಬರ ಕಥೆ ಹೇಳಲೇಬೇಕು. ಇದನ್ನ ಅವಸರದಲ್ಲಿ ಹೇಳೋಕೆ ನನಗೆ ಇಷ್ಟ ಇಲ್ಲ.

[ಹಿನ್ನೆಲೆ ಸದ್ದು ನಿಲ್ಲುತ್ತದೆ.]

ಅಮೆರಿಕದ ಡೇನಿಯಲ್ ಜಾನ್‌ಸ್ಟನ್. ಎಂಬತ್ತರ ದಶಕದ ಶುರು. ಅಗ್ಗದ ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು ಒಬ್ಬರೇ ಹಾಡ್ತಿದ್ರು. ದನಿ ನಡುಗುತ್ತೆ, ಶ್ರುತಿ ಅಲ್ಲಲ್ಲಿ ಜಾರುತ್ತೆ. ಕವರ್‌ನ ಚಿತ್ರವನ್ನೂ ತಾವೇ ಬರೀತಿದ್ರು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಎದುರು ಸಿಕ್ಕವರ ಕೈಗೆ ಈ ಕ್ಯಾಸೆಟ್ ಕೊಡ್ತಿದ್ರು. ಆದ್ರೆ ಮೊದಮೊದಲು ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡೋ ಸಾಧನ ಅವರ ಹತ್ತಿರ ಇರಲಿಲ್ಲ. ಹಾಗಾಗಿ ಯಾರಾದ್ರೂ ಕ್ಯಾಸೆಟ್ ಬೇಕು ಅಂದ್ರೆ ಕೂತು ಇಡೀ ಆಲ್ಬಮ್ ಮತ್ತೆ ಹಾಡಿ ರೆಕಾರ್ಡ್ ಮಾಡ್ತಿದ್ರು. ಮೊದಲ ಹಾಡಿನಿಂದ ಕೊನೆ ಹಾಡಿನ ತನಕ.

ಒಂದು ಕ್ಷಣ ಇದನ್ನ ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಕೈಲಿರೋ ಕ್ಯಾಸೆಟ್‌ನಲ್ಲಿ ಇರೋದು ನಿಮಗಾಗಿ ಹಾಡಿದ ಹಾಡು. ಪಕ್ಕದವರ ಕ್ಯಾಸೆಟ್‌ನಲ್ಲಿ ಅದೇ ಹಾಡು, ಆದ್ರೆ ಬೇರೆ ದಿನದ್ದು, ಬೇರೆ ಉಸಿರಿನದ್ದು. ಒಂದರಲ್ಲಿ ಕೀಲಿಮಣೆ ಮೇಲೆ ಬೆರಳು ತಪ್ಪಿರಬಹುದು, ಇನ್ನೊಂದರಲ್ಲಿ ಒಂದು ಸಾಲು ಸ್ವಲ್ಪ ತಡೆದು ಬಂದಿರಬಹುದು. ಮೂಲ ಯಾವುದು, ನಕಲು ಯಾವುದು ಅನ್ನೋ ಪ್ರಶ್ನೆಯೇ ಹುಟ್ಟಲ್ಲ. 1992ರಲ್ಲಿ ನಿರ್ವಾಣ ಬ್ಯಾಂಡ್‌ನ ಗಾಯಕ ಕರ್ಟ್ ಕೊಬೇನ್ ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಜಾನ್‌ಸ್ಟನ್ ಬರೆದ ಕಪ್ಪೆಯ ಚಿತ್ರ ಇರೋ ಟೀಶರ್ಟ್ ಹಾಕಿಕೊಂಡು ಬಂದಾಗ ಎಷ್ಟೋ ಜನಕ್ಕೆ ಈ ಹೆಸರು ಗೊತ್ತಾಯ್ತು. ಆದ್ರೆ ನನ್ನ ಮನಸ್ಸು ಹೋಗೋದು ಅದಕ್ಕಿಂತ ಮುಂಚಿನ ಆ ಕೋಣೆಗೆ. ಒಬ್ಬ ಮನುಷ್ಯ, ಇನ್ನೊಬ್ಬ ಮನುಷ್ಯನಿಗೋಸ್ಕರ, ಹತ್ತಾರು ಸಲ ಹಾಡಿದ ಹಾಡನ್ನೇ ಮತ್ತೆ ಹೊಸದಾಗಿ ಹಾಡೋದು. ಹಂಚಿಕೊಳ್ಳೋದು ಅನ್ನೋ ಪದಕ್ಕೆ ಇದಕ್ಕಿಂತ ದೊಡ್ಡ ಅರ್ಥ ನನಗೆ ಸಿಕ್ಕಿಲ್ಲ.

ಇಂಥ ಕ್ಯಾಸೆಟ್‌ಗಳು ಎಲ್ಲಿಂದ ಎಲ್ಲಿಗೋ ಹೋಗಿ ತಲುಪ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ರೆಡ್ ಹೌಸ್ ಪೇಂಟರ್ಸ್ ಬ್ಯಾಂಡ್‌ನ ಡೆಮೊ ಟೇಪನ್ನ, ಅಂದ್ರೆ ಮಾದರಿಗೆ ಅಂತ ಮಾಡಿದ ರೆಕಾರ್ಡಿಂಗನ್ನ, ಅದೇ ಊರಿನ ಇನ್ನೊಂದು ಬ್ಯಾಂಡ್‌ನ ಗಾಯಕ ಒಬ್ಬ ಬ್ರಿಟಿಷ್ ಪತ್ರಕರ್ತನಿಗೆ ಕೊಟ್ರು. ಆತ ಅದನ್ನ ಲಂಡನ್‌ನ 4ಎಡಿ ಲೇಬಲ್‌ನ ಮುಖ್ಯಸ್ಥರಿಗೆ ದಾಟಿಸಿದ್ರು. ಆ ಡೆಮೊದ ಆರು ಹಾಡುಗಳೇ 1992ರಲ್ಲಿ ಅವರ ಮೊದಲ ಆಲ್ಬಮ್ ಆಗಿ ಹೊರಬಂದವು. ಬ್ರಿಟನ್‌ನ ರೆಕಾರ್ಡ್ ಉದ್ಯಮ ಎಂಬತ್ತರ ದಶಕದಲ್ಲಿ ‘ಮನೇಲಿ ಟೇಪ್ ಮಾಡೋದು ಸಂಗೀತವನ್ನ ಕೊಲ್ತಿದೆ’ ಅಂತ ಪ್ರಚಾರ ಮಾಡಿತ್ತು. ಈ ಸಣ್ಣ ಬ್ಯಾಂಡ್‌ಗಳ ಮಟ್ಟಿಗಂತೂ ಆ ಮಾತು ತಪ್ಪು ಅಂತ ನಾನು ಖಂಡಿತ ಹೇಳ್ತೀನಿ. ಅವು ಉಸಿರಾಡಿದ್ದೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೋ ಟೇಪ್‌ಗಳಲ್ಲಿ.

[ಪರದೆಯ ಮೇಲೆ: ಕ್ಯಾಸೆಟ್‌ನ ಬದಿ ‘ಎ’. ಟೇಪ್ ಮುಗಿಯುತ್ತಾ ಬರುತ್ತಿದೆ.]

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ‘ಎ’ ಬದಿಯ ಕೊನೆಯ ಹಾಡು ಮುಗಿಯಿತು. ಸ್ವಲ್ಪ ಹೊತ್ತು ಬರೀ ಟೇಪ್‌ನ ಸದ್ದು. ಆಮೇಲೆ ಟಕ್. ಡೆಕ್ ನಿಲ್ಲುತ್ತೆ. ಕೇಳ್ತಿರೋರು ಎದ್ದು ಕ್ಯಾಸೆಟ್ ತಿರುಗಿಸಿ ಹಾಕೋ ತನಕ ಕೋಣೆ ಪೂರ್ತಿ ಸುಮ್ಮನಿರುತ್ತೆ. ನನ್ನ ಪ್ರಕಾರ ಇಡೀ ಮಿಕ್ಸ್‌ಟೇಪ್‌ನಲ್ಲಿ ಅತಿ ಬೇಸರದ ಹಾಡಿಗೆ ಸರಿಯಾದ ಜಾಗ ಅದೇ, ಆ ಮೌನಕ್ಕೆ ಮುಂಚಿನ ಜಾಗ. ಅಷ್ಟು ಹೊತ್ತಿಗೆ ಮುಂಚಿನ ಹಾಡುಗಳು ಕಿವಿಯ ಓಟ ಕಡಿಮೆ ಮಾಡಿರುತ್ತವೆ. ಹಾಡು ಮುಗಿದ ಮೇಲೂ ಅದರ ಮೇಲೆ ಬಂದು ಬೀಳೋಕೆ ಇನ್ನೊಂದು ಹಾಡು ಇರಲ್ಲ.

ಅದೇ ಹಾಡನ್ನ ಒಂಟಿ ಲಿಂಕ್ ಮಾಡಿ ಕಳಿಸಿದ್ರೆ? ಅದು ಯಾವುದೋ ತಮಾಷೆ ವಿಡಿಯೋ, ಆಫೀಸಿನ ಮೆಸೇಜ್ ಇವುಗಳ ನಡುವೆ ಹೋಗಿ ಬೀಳುತ್ತೆ. ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡ್ ಕೇಳಿದ್ರೆ ಅದು ಒಂದು ಪ್ಲೇ. ನಾವು ಹೇಳ್ತಿರೋ ಎಷ್ಟೋ ಹಾಡುಗಳಲ್ಲಿ ಅಷ್ಟು ಹೊತ್ತಿಗೆ ಗಾಯಕರು ಬಾಯಿ ಕೂಡ ತೆರೆದಿರಲ್ಲ. ಆ ಗೆಳತಿಯ ಕಿವಿ ಇನ್ನೂ ಓಡ್ತಿತ್ತು. ತಪ್ಪು ಅವರದಲ್ಲ, ಹಾಡಿನದೂ ಅಲ್ಲ. ಹಾಡಿನ ಜಾಗ ತಪ್ಪಿತ್ತು.

ಉದಾಹರಣೆಗೆ ಲೋ ಅನ್ನೋ ಬ್ಯಾಂಡ್ ತಗೊಳ್ತೀನಿ. ನನಗೆ ತುಂಬಾ ಹತ್ತಿರದವರು. ಅಮೆರಿಕದ ಮಿನೆಸೋಟದ ಡುಲೂತ್ ಊರಿನಲ್ಲಿ 1993ರಲ್ಲಿ ಶುರುವಾಯ್ತು. ಅಲನ್ ಸ್ಪಾರ್‌ಹಾಕ್, ಮಿಮಿ ಪಾರ್ಕರ್, ಗಂಡ ಹೆಂಡತಿ. ಮಿಮಿ ಪೂರ್ತಿ ಡ್ರಮ್ ಸೆಟ್ ಇಟ್ಟುಕೊಳ್ತಿರಲಿಲ್ಲ, ನಿಂತುಕೊಂಡೇ ಹಗುರವಾಗಿ ನುಡಿಸೋರು. ಎಲ್ಲೆಡೆ ಗ್ರಂಜ್‌ನ, ಅಂದ್ರೆ ಒರಟು ಗಿಟಾರ್‌ಗಳ ರಾಕ್‌ನ, ಅಬ್ಬರ ಇದ್ದ ಕಾಲ ಅದು. ಎದುರಿಗಿದ್ದ ಜನ ಗಲಾಟೆ ಮಾಡಿದ್ರೆ ಇವರು ತಮ್ಮ ಸದ್ದನ್ನ ಇನ್ನಷ್ಟು ತಗ್ಗಿಸ್ತಿದ್ರು! 1994ರ ಮೊದಲ ಆಲ್ಬಮ್‌ನಲ್ಲಿ ಎಲ್ಲಾ ಹಾಡಿನ ಹೆಸರೂ ಒಂದೊಂದೇ ಪದ. ಅದರಲ್ಲಿ ಒಂಬತ್ತು ನಿಮಿಷ ಮೀರಿದ ಒಂದು ಹಾಡಿದೆ, ನನ್ನ ಪಾಲಿಗೆ ಬ್ಯಾಂಡ್‌ನ ಪ್ರಾಣ ಇರೋದೇ ಅಲ್ಲಿ. ಆದ್ರೂ ಪರಿಚಯಕ್ಕೆ ಅದನ್ನ ನಾನು ಯಾವತ್ತೂ ಕೊಡಲ್ಲ. ಕೊಡೋದು ಆಲ್ಬಮ್‌ನ ಕೊನೆಯ ಹಾಡನ್ನ. ಹೆಸರು ‘ಸನ್‌ಶೈನ್’, ಹಾಡು ಹಳೆಯ ‘ಯೂ ಆರ್ ಮೈ ಸನ್‌ಶೈನ್’. ಎಲ್ಲರಿಗೂ ಗೊತ್ತಿರೋ ಧಾಟಿ, ಮಕ್ಕಳೂ ಹಾಡೋದು. ಅದನ್ನೇ ಇವರು ಇಷ್ಟು ನಿಧಾನ ಮಾಡಿದಾಗ ಅದರೊಳಗೆ ಬಿಟ್ಟುಹೋಗೋ ಭಯ ಎಷ್ಟಿತ್ತು ಅಂತ ಮೊದಲ ಸಲ ಕೇಳಿಸುತ್ತೆ. ಧಾಟಿ ಗೊತ್ತಿದ್ರೆ ಕೇಳುಗರು ಕಾಯ್ತಾರೆ. ಒಂದು ಸಲ ಕಾದವರು ಮುಂದಿನ ಒಂಬತ್ತು ನಿಮಿಷಕ್ಕೂ ಕಾಯ್ತಾರೆ. ಮಿಮಿ 2022ರ ನವೆಂಬರ್‌ನಲ್ಲಿ ತೀರಿಕೊಂಡ್ರು. ಆಮೇಲೆ ನಾನು ಈ ಹಾಡನ್ನ ಯಾರಿಗೆ ಕೊಟ್ಟರೂ ಜೊತೆಗೆ ಅವರ ಹೆಸರನ್ನ ಬರೆದೇ ಕೊಡ್ತೀನಿ.

[ಪರದೆಯ ಮೇಲೆ: ಖಾಲಿ ಹಾಳೆ. ಕೈ ಒಂದೊಂದೇ ಹೆಸರು ಬರೆಯುತ್ತದೆ.]

ಹಾಗಾದ್ರೆ ಮೊದಲು ಯಾರು? ನಾನಾದ್ರೆ ಗ್ಯಾಲಕ್ಸಿ 500 ಅನ್ನೋ ಬ್ಯಾಂಡ್‌ನಿಂದ ಶುರು ಮಾಡ್ತೀನಿ. ಹಾರ್ವರ್ಡ್‌ನಲ್ಲಿ ಓದಿದ ಮೂವರು, 1987ರಿಂದ 1991ರ ತನಕ ಮೂರೇ ಆಲ್ಬಮ್. ಮೊದಲಿಗೆ ಅವರ ಡ್ರಮ್ ಸೆಟ್ ಕೂಡ ಎರವಲು. ಕೊಟ್ಟವರು ಅವರ ಜೊತೆ ಓದುತ್ತಿದ್ದ ಕೋನನ್ ಒಬ್ರಯನ್, ಮುಂದೆ ಟಿವಿಯಲ್ಲಿ ಹೆಸರಾದ ಅದೇ ಕೋನನ್. ಹಾಡುಗಳಲ್ಲಿ ಬೇಸರ ಇದೆ, ಆದ್ರೆ ಮುಂದೆ ನಡೆಯೋ ಹೆಜ್ಜೆಯೂ ಇದೆ. ಕಾಲು ತಾನಾಗಿ ತಾಳ ಹಾಕುತ್ತೆ. ಆಮೇಲೆ ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್‌ನಿಂದ ದ ಫೀಲ್ಡ್ ಮೈಸ್. ಈ ಲೇಬಲ್ 1987ರಲ್ಲಿ ಶುರುವಾಗಿ 1995ರಲ್ಲಿ, ನಂಬರ್ 100 ಬಿಡುಗಡೆ ಮಾಡಿ, ‘ಸಾಕು’ ಅಂತ ತಾನಾಗಿ ಬಾಗಿಲು ಹಾಕಿಕೊಳ್ತು. ಇಡೀ ಲೇಬಲನ್ನೇ ಒಂದು ಮಿಕ್ಸ್‌ಟೇಪ್ ಥರ ಮುಗಿಸಿದ ಇವರ ಮೇಲೆ ನನಗೆ ವಿಶೇಷ ಪ್ರೀತಿ. ಮೂರನೇದು ಸ್ಲೋಡೈವ್. ಗಿಟಾರ್‌ಗಳು ಮಂಜಿನ ಹಾಗೆ ಕವಿಯುತ್ತವೆ, ಮಾತು ಅರ್ಥ ಆಗದಿದ್ರೂ ಪರವಾಗಿಲ್ಲ ಅಂತ ಕೇಳುಗರಿಗೆ ಇಲ್ಲಿ ಧೈರ್ಯ ಬರುತ್ತೆ. ನಾಲ್ಕನೇದು ಲೋ. ರೆಡ್ ಹೌಸ್ ಪೇಂಟರ್ಸ್ ಕೊನೆಗೆ.

ಜೊತೆಗೆ ಏನು ಬರೀಬೇಕು? “ಅದ್ಭುತ, ಕೇಳಲೇಬೇಕು” ಅಂತ ಬರೆದ್ರೆ ಕೇಳೋರ ಮೇಲೆ ಭಾರ ಹೇರಿದ ಹಾಗೆ. ಅದರ ಬದಲು ಹಿಡಿದುಕೊಳ್ಳೋಕೆ ಒಂದು ವಿಷಯ ಕೊಡಿ. ಸಿಗರೆಟ್ಸ್ ಆಫ್ಟರ್ ಸೆಕ್ಸ್ ಅನ್ನೋ ಬ್ಯಾಂಡ್‌ನವರು ತಮ್ಮ ಮೊದಲ ಇಪಿಯನ್ನ, ಅಂದ್ರೆ ಕೆಲವೇ ಹಾಡುಗಳ ಪುಟ್ಟ ಆಲ್ಬಮನ್ನ, ಟೆಕ್ಸಸ್‌ನ ಎಲ್ ಪಾಸೋದ ವಿಶ್ವವಿದ್ಯಾಲಯದ ಕಟ್ಟಡವೊಂದರ ಮೆಟ್ಟಿಲುಗಳ ಜಾಗದಲ್ಲಿ ರೆಕಾರ್ಡ್ ಮಾಡಿದ್ರು. “ಮೆಟ್ಟಿಲುಗಳ ಪ್ರತಿಧ್ವನಿ ಕೇಳು” ಅಂತ ಬರೆದು ನೋಡಿ. ಕಿವಿ ತಾನಾಗಿ ಹುಡುಕೋಕೆ ಶುರು ಮಾಡುತ್ತೆ.

ಸಮಯ ಆಗ್ತಾ ಬಂತು, ಉಳಿದದ್ದು ಒಟ್ಟಿಗೇ ಹೇಳಿಬಿಡ್ತೀನಿ. ಒಂದು ಬ್ಯಾಂಡ್‌ಗೆ ಒಂದೇ ಹಾಡು. ಒಟ್ಟು 45 ನಿಮಿಷ ದಾಟಬೇಡಿ. ಕ್ರಾಸ್‌ಫೇಡ್, ಅಂದ್ರೆ ಒಂದು ಹಾಡಿನ ಕೊನೆಗೆ ಇನ್ನೊಂದರ ಶುರುವನ್ನ ಬೆರೆಸೋದು, ಬೇಡ; ಈ ಹಾಡುಗಳು ಮುಗಿಯೋ ರೀತಿಯೂ ಹಾಡಿನ ಭಾಗವೇ. ಮೆಲುದನಿಯ ಹಾಡಿನ ಪಕ್ಕ ಅಬ್ಬರದ್ದು ಇಟ್ರೆ ಕೇಳೋರು ವಾಲ್ಯೂಮ್ ತಗ್ಗಿಸ್ತಾರೆ, ಆಮೇಲೆ ಏರಿಸಲ್ಲ. ಕಳಿಸೋ ಮೊದಲು ನೀವೇ ಒಂದು ಸಲ, ಯಾವುದನ್ನೂ ದಾಟಿಸದೆ, ಅವರನ್ನ ನೆನೆದುಕೊಂಡು ಪೂರ್ತಿ ಕೇಳಿ. ಕೇಳಿದ್ಯಾ ಅಂತ ಮಾರನೇ ದಿನವೇ ವಿಚಾರಿಸಬೇಡಿ.

ಪ್ರಶ್ನೆ ಕಳಿಸಿದವರಿಗೆ: ನಿಮ್ಮ ಗೆಳತಿಗೋಸ್ಕರ ನಾನೇ ಒಂದು ಮಿಕ್ಸ್ ಕೂಡಿಸಿದ್ದೀನಿ, ಕೆಳಗೆ ಲಿಂಕ್ ಇದೆ. ಕೊನೆಯ ಹಾಡಿನ ಜಾಗ ಖಾಲಿ ಬಿಟ್ಟಿದ್ದೀನಿ. ನಿಮ್ಮ ಪ್ರಾಣದ ಬ್ಯಾಂಡ್ ಅಲ್ಲಿಗೆ ಬರಲಿ. ಒಂದೇ ಕೋರಿಕೆ: ಆಟೋಪ್ಲೇ ಆಫ್ ಮಾಡಿ ಕೇಳೋಕೆ ಅವರಿಗೆ ಹೇಳಿ.

[ಟೇಪ್‌ನ ಸದ್ದು. ಟಕ್. ಪರದೆ ಕಪ್ಪು. ಹತ್ತು ಸೆಕೆಂಡ್ ಮೌನ.]