ಫ್ರಿಜ್ಜಿನ ಗ್ಯಾಸು ಬದಲಾಗಿದ್ದು ಹೇಗೆ, ದುಡ್ಡು ಕೊಟ್ಟಿದ್ದು ಯಾರು

ಎಲ್ಲರಿಗೂ ನಮಸ್ಕಾರ. ಇವತ್ತು ಸೆಪ್ಟೆಂಬರ್ 16, ಓಜೋನ್ ದಿನ. ರೆಫ್ರಿಜರೇಶನ್ ಟ್ರೇಡಿನ ಮಕ್ಕಳು ಬಂದಿದ್ದೀರಿ, ರಿಪೇರಿ ಕೆಲಸದಲ್ಲಿರೋರು ಅಂಗಡಿ ಮುಚ್ಚಿ ಬಂದಿದ್ದೀರಿ, ಹಾಗಾಗಿ ಪೀಠಿಕೆ ಜಾಸ್ತಿ ಹಾಕಲ್ಲ. ನನಗೆ ಕೊಟ್ಟಿರೋ ವಿಷಯ "ಅಭಿವೃದ್ಧಿಶೀಲ ದೇಶಗಳಲ್ಲಿ ಸುಸ್ಥಿರ ಕೈಗಾರಿಕಾ ಬೆಳವಣಿಗೆಗೆ ಅಂತಾರಾಷ್ಟ್ರೀಯ ಸಹಕಾರ". ಈ ಹೆಸರಲ್ಲಿ ಘೋಷಣೆಗಳು ಬೇಕಾದಷ್ಟಿವೆ, ಅವನ್ನೆಲ್ಲ ಪಕ್ಕಕ್ಕಿಟ್ಟು ನಿಜವಾಗ್ಲೂ ನಡೆದಿರೋ ಒಂದೇ ಒಂದು ಕೆಲಸದ ಬಗ್ಗೆ ಮಾತಾಡ್ತೀನಿ. ನೀವು ದಿನಾ ಸಿಲಿಂಡರಿಂದ ತುಂಬ್ತೀರಲ್ಲ, ಆ ಗ್ಯಾಸು ಮೂವತ್ತು ವರ್ಷದಲ್ಲಿ ಹೇಗೆ ಬದಲಾಯ್ತು, ಬದಲಾಯಿಸೋಕೆ ಬೇಕಾದ ದುಡ್ಡು ಎಲ್ಲಿಂದ ಬಂತು, ಅದರಲ್ಲಿ ಎಲ್ಲಿ ಎಡವಟ್ಟಾಯ್ತು ಅನ್ನೋದು.

ಹಳಬರಿಗೆ ಆರ್ 12 ನೆನಪಿರುತ್ತೆ. ಒಳ್ಳೇ ಗ್ಯಾಸು ಅದು, ಬೆಂಕಿ ಹತ್ತಲ್ಲ, ವಿಷ ಅಲ್ಲ, ಕಂಪ್ರೆಸರ್ ಜೊತೆ ಜಗಳ ಆಡಲ್ಲ, ಅದಕ್ಕೇ ದಶಕಗಟ್ಟಲೆ ಇಡೀ ಪ್ರಪಂಚ ಅದನ್ನೇ ತುಂಬ್ತು. ಜೊತೆಗೆ ಫ್ರಿಜ್ಜಿನ ಗೋಡೆ ಒಳಗಿರೋ ಫೋಮ್ ಉಬ್ಬಿಸೋಕೆ ಆರ್ 11. ಎರಡೂ ಸಿಎಫ್‌ಸಿ, ಅಂದ್ರೆ ಕ್ಲೋರೋಫ್ಲೋರೋಕಾರ್ಬನ್ ಅನ್ನೋ ಕ್ಲೋರಿನ್ ಇರೋ ಗ್ಯಾಸು. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಅನ್ನೋ ಇಬ್ಬರು ವಿಜ್ಞಾನಿಗಳು ಹೇಳಿದ್ರು, ಈ ಗ್ಯಾಸು ಕೆಳಗೆಲ್ಲೂ ಕರಗಲ್ಲ, ಮೇಲೆ ಹೋಗಿ ಸೂರ್ಯನ ಬೆಳಕಿಗೆ ಒಡೆದು ಅದರ ಕ್ಲೋರಿನ್ ಓಜೋನ್ ಪದರವನ್ನ ತಿನ್ನುತ್ತೆ ಅಂತ. ಕಂಪನಿಗಳು ಒಪ್ಪಲಿಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾ ಮೇಲೆ ಪ್ರತಿ ವರ್ಷ ಓಜೋನ್ ಭಯಂಕರ ತೆಳ್ಳಗಾಗ್ತಿದೆ ಅಂತ ಅಳತೆ ಸಮೇತ ತೋರಿಸಿದ ಮೇಲೆ ಎಲ್ಲರಿಗೂ ಬಿಸಿ ತಟ್ಟಿತು. 1987ರ ಸೆಪ್ಟೆಂಬರ್ 16ಕ್ಕೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಎಫ್‌ಸಿ ಇಳಿಸೋ ಒಪ್ಪಂದಕ್ಕೆ ಸಹಿ ಬಿತ್ತು.

ಆದ್ರೆ ಭಾರತ ಸಹಿ ಹಾಕಲಿಲ್ಲ, ಚೀನಾನೂ ಹಾಕಲಿಲ್ಲ. ಇದನ್ನ ಹಠ ಅಂತ ಬರೆದವರಿದ್ದಾರೆ, ನಾನು ಆ ಮಾತು ಒಪ್ಪಲ್ಲ. ಸಿಎಫ್‌ಸಿ ಅಷ್ಟೂ ವರ್ಷ ಬಳಸಿದ್ದು, ಗಾಳಿಗೆ ಬಿಟ್ಟಿದ್ದು ಬಹುಪಾಲು ಶ್ರೀಮಂತ ದೇಶಗಳು. ನಮ್ಮ ಮನೆಗಳಿಗೆ ಫ್ರಿಜ್ಜು ಬರೋಕೆ ಶುರುವಾಗಿದ್ದೇ ಆಗ. ವರ್ಷಕ್ಕೆ ತಲೆಗೆ 0.3 ಕೆಜಿಗಿಂತ ಕಡಿಮೆ ಬಳಸೋ ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚು ಟೈಮ್ ಕೊಡ್ತೀವಿ ಅಂತ ಒಪ್ಪಂದದಲ್ಲಿತ್ತು, ನಾವು ಆ 0.3ರ ಹತ್ತಿರಕ್ಕೂ ಬಂದಿರಲಿಲ್ಲ. ಸರಿ, ಟೈಮ್ ಕೊಟ್ರಿ, ಹತ್ತು ವರ್ಷ ಆದ್ಮೇಲೆ ಹೊಸ ಮಷೀನಿಗೆ ದುಡ್ಡು ಯಾರು ಕೊಡ್ತಾರೆ? ಹೊಸ ಗ್ಯಾಸಿನ ಪೇಟೆಂಟು ಯಾರ ಕೈಲಿದೆ? ಹಳೇ ಗ್ಯಾಸು ಮಾಡಿ ದುಡ್ಡು ಮಾಡಿಕೊಂಡ ಅದೇ ಕಂಪನಿಗಳ ಹತ್ರ ಹೋಗಿ ಹೊಸದನ್ನೂ ಅವರು ಹೇಳಿದ ರೇಟಿಗೆ ತಗೋಬೇಕಾ? ನ್ಯಾಯವಾದ ಪ್ರಶ್ನೆಗಳು ಇವು.

1990ರ ಜೂನ್‌ನಲ್ಲಿ ಲಂಡನ್‌ನಲ್ಲಿ ಸಭೆ ಸೇರ್ತು. ಆಗ ನಮ್ಮ ಪರಿಸರ ಮಂತ್ರಿ ಮೇನಕಾ ಗಾಂಧಿ. ತಂತ್ರಜ್ಞಾನ ಮತ್ತು ಹಣ ಎರಡೂ ಬರದೆ ನಾವು ಬರಲ್ಲ ಅನ್ನೋ ನಿಲುವನ್ನ ಭಾರತ ಅಲ್ಲಿ ಗಟ್ಟಿಯಾಗಿ ಹಿಡೀತು. ಹೊಸ ನಿಧಿ ಬೇಡ ಅಂತಿದ್ದ ಅಮೆರಿಕ ಆ ಸಭೆಗೆ ಸ್ವಲ್ಪ ಮುಂಚೆಯಷ್ಟೇ ಮನಸ್ಸು ಬದಲಾಯಿಸಿತ್ತು. ಕೊನೆಗೆ ಮೂರು ವರ್ಷಕ್ಕೆ 16 ಕೋಟಿ ಡಾಲರ್ ನಿಧಿ, ಭಾರತ ಚೀನಾ ಸೇರಿದ್ರೆ ಅದು 24 ಕೋಟಿಗೆ ಏರುತ್ತೆ ಅಂತ ತೀರ್ಮಾನ ಆಯ್ತು. ಅಂದ್ರೆ ನಾವಿಬ್ಬರು ಹೊರಗೆ ನಿಂತಿದ್ದಕ್ಕೆ ಎಷ್ಟು ತೂಕ ಇತ್ತು ಅಂತ ಆ ಲೆಕ್ಕದಲ್ಲೇ ಕಾಣುತ್ತೆ. 1992ರಲ್ಲಿ ಭಾರತ ಒಪ್ಪಂದಕ್ಕೆ ಸೇರ್ತು.

ಆ ನಿಧಿ ಹೇಗೆ ನಡೆಯುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ಕಥೆಯ ಜೀವ ಇರೋದು ಇಲ್ಲೇ. ಅದರ ಕಾರ್ಯಕಾರಿ ಸಮಿತಿಯಲ್ಲಿ 14 ಸದಸ್ಯರು, ಏಳು ಕೊಡೋ ದೇಶಗಳಿಂದ, ಏಳು ತಗೊಳ್ಳೋ ದೇಶಗಳಿಂದ. ಅಧ್ಯಕ್ಷ ಸ್ಥಾನ ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ. ಮತಕ್ಕೆ ಹಾಕಿದ್ರೆ ಎರಡೂ ಗುಂಪಲ್ಲಿ ಬಹುಮತ ಬೇಕು, ಹಾಗಾಗಿ ದುಡ್ಡು ಕೊಡೋರು ಒಬ್ಬರೇ ಕೂತು ತೀರ್ಮಾನ ಮಾಡೋಕಾಗಲ್ಲ. ವಿಶ್ವಬ್ಯಾಂಕ್‌ನಲ್ಲಿ ದುಡ್ಡು ಹೆಚ್ಚು ಹಾಕಿದವರಿಗೆ ಹೆಚ್ಚು ಮತ, ಇಲ್ಲಿ ಹಾಗಿಲ್ಲ. ಮತ್ತೆ ಇದು ಸಾಲ ಅಲ್ಲ, ಅನುದಾನ. ಹಳೇ ಗ್ಯಾಸಿಂದ ಹೊಸದಕ್ಕೆ ಹೋಗೋಕೆ ಎಷ್ಟು ಹೆಚ್ಚಿಗೆ ಖರ್ಚಾಗುತ್ತೋ ಅಷ್ಟು, ಅದಕ್ಕಿಂತ ಒಂದು ಡಾಲರ್ ಕೂಡ ಜಾಸ್ತಿ ಇಲ್ಲ. ಕಾರ್ಖಾನೆಯಲ್ಲಿ ವಿದೇಶಿ ಕಂಪನಿಯ ಪಾಲಿದ್ರೆ ಅಷ್ಟು ಭಾಗ ಕಟ್. 1995ರ ಜುಲೈ 25ರ ನಂತರ ಸಿಎಫ್‌ಸಿ ಲೈನ್ ಹಾಕಿದ್ರೆ ಪೂರ್ತಿ ಕಟ್, ಗೊತ್ತಿದ್ದೂ ಹಾಕಿದ್ದಕ್ಕೆ ಯಾರು ಕೊಡ್ತಾರೆ. ಹೊಸ ಮಷೀನು ಬಂದ ಮೇಲೆ ಹಳೇದನ್ನ ಒಡೆದು ಹಾಕಿ ಅದಕ್ಕೆ ದಾಖಲೆ ಕೊಡಬೇಕು, ಇಲ್ಲಾಂದ್ರೆ ಅದೇ ಮಷೀನು ಇನ್ನೊಂದು ಊರಿಗೆ ಹೋಗಿ ಮತ್ತೆ ಸಿಎಫ್‌ಸಿ ಊದ್ತಾ ಕೂರುತ್ತೆ. ಕೆಲಸ ಮಾಡಿಸೋದು ನಾಲ್ಕು ಸಂಸ್ಥೆಗಳು: ವಿಶ್ವಸಂಸ್ಥೆಯಲ್ಲಿ ಅಭಿವೃದ್ಧಿ ನೋಡಿಕೊಳ್ಳೋ ಯುಎನ್‌ಡಿಪಿ, ಪರಿಸರ ನೋಡಿಕೊಳ್ಳೋ ಯುಎನ್‌ಇಪಿ, ಕೈಗಾರಿಕೆ ನೋಡಿಕೊಳ್ಳೋ ಯುನಿಡೊ, ಜೊತೆಗೆ ವಿಶ್ವಬ್ಯಾಂಕ್. ಜರ್ಮನಿ ಥರದ ದೇಶಗಳು ತಮ್ಮ ಪಾಲಿನ ಸ್ವಲ್ಪ ದುಡ್ಡನ್ನ ನೇರವಾಗಿ ತಾವೇ ಪ್ರಾಜೆಕ್ಟ್ ಮಾಡಿ ಖರ್ಚು ಮಾಡಬಹುದು.

ಈಗ ಒಂದು ಫ್ರಿಜ್ ಫ್ಯಾಕ್ಟರಿ ಒಳಗೆ ಏನೇನು ಬದಲಾಗಬೇಕು ನೋಡಿ. ಫೋಮ್‌ಗೆ ಆರ್ 11 ಬದಲು ಸೈಕ್ಲೋಪೆಂಟೇನ್ ಅಂದ್ರೆ ಅದು ಪೆಟ್ರೋಲ್ ಜಾತಿಯದ್ದು, ಒಂದು ಕಿಡಿ ಸಾಕು. ಟ್ಯಾಂಕು ಹೊರಗೆ ನೆಲದಡಿ ಹೋಗಬೇಕು, ಫೋಮ್ ಸುರಿಯೋ ಜಾಗದಲ್ಲಿ ಗಾಳಿ ಎಳೆಯೋ ವ್ಯವಸ್ಥೆ ಬೇಕು, ಗ್ಯಾಸು ಸೋರಿದ್ರೆ ಅಲಾರಾಂ ಹೊಡೆದು ತಾನೇ ಲೈನ್ ನಿಲ್ಲಿಸೋ ಸೆನ್ಸರ್ ಬೇಕು, ಸ್ವಿಚ್ಚು ಮೋಟಾರು ಎಲ್ಲ ಕಿಡಿ ಹಾರದ ಥರದ್ದು. ಆಮೇಲೆ ಗ್ಯಾಸು ತುಂಬೋ ಕಡೆ: ಹೊಸ ಚಾರ್ಜಿಂಗ್ ಬೋರ್ಡು, ಹೊಸ ಲೀಕ್ ಡಿಟೆಕ್ಟರು, ಹೊಸ ಕಂಪ್ರೆಸರು. ಇಷ್ಟೆಲ್ಲ ಮಾಡಿಯೂ ಗಿರಾಕಿಗೆ ಆ ಫ್ರಿಜ್ಜು ಹಳೇದರ ಥರಾನೇ ತಣ್ಣಗೆ ಮಾಡುತ್ತೆ, ಅವನು ಒಂದು ರೂಪಾಯಿ ಹೆಚ್ಚು ಕೊಡಲ್ಲ. ಹಾಗಿರುವಾಗ ಮಾಲೀಕ ತನ್ನ ಜೇಬಿಂದ ಯಾಕೆ ಹಾಕ್ತಾನೆ ಹೇಳಿ. ಆ ಸಂದಿಯಲ್ಲಿ ನಿಂತು ಕೆಲಸ ಮಾಡಿದ್ದು ಈ ನಿಧಿ.

ಇದರ ಜೊತೆಗೆ ಇನ್ನೊಂದು ಪ್ರಯತ್ನ ನಡೀತು, ಅದು ನನಗೆ ತುಂಬ ಇಷ್ಟವಾದ ಭಾಗ. 90ರ ದಶಕದ ಶುರುವಿನಲ್ಲಿ ದೊಡ್ಡ ಕೆಮಿಕಲ್ ಕಂಪನಿಗಳು ಆರ್ 12ಕ್ಕೆ ಬದಲು ಆರ್ 134ಎ ತಗೊಳ್ಳಿ ಅಂತ ತಂದ್ರು. ಓಜೋನ್‌ಗೆ ತೊಂದರೆ ಇಲ್ಲ, ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು. ಅದೇ ಹೊತ್ತಿಗೆ ಪೂರ್ವ ಜರ್ಮನಿಯ, ಇನ್ನೇನು ಬಾಗಿಲು ಹಾಕಬೇಕಿದ್ದ ಒಂದು ಫ್ರಿಜ್ ಕಾರ್ಖಾನೆ ಗ್ರೀನ್‌ಪೀಸ್ ಸಂಸ್ಥೆ ಜೊತೆ ಸೇರಿ ಬರೀ ಹೈಡ್ರೋಕಾರ್ಬನ್, ಅಂದ್ರೆ ಅಡುಗೆ ಅನಿಲದ ಜಾತಿಯ ಗ್ಯಾಸು ಹಾಕಿ ಫ್ರಿಜ್ ಮಾಡಿ ತೋರಿಸ್ತು, ಗ್ರೀನ್‌ಫ್ರೀಜ್ ಅಂತ ಹೆಸರು. ಆ ವಿಚಾರವನ್ನ ಯಾರು ಬೇಕಾದ್ರೂ ಬಳಸಿಕೊಳ್ಳಬಹುದಿತ್ತು, ಪೇಟೆಂಟ್ ಹಿಡ್ಕೊಂಡು ಕೂರಲಿಲ್ಲ. ಚೀನಾ ಬೇಗ ಹಿಡೀತು. ನಮ್ಮಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿ ಸರ್ಕಾರಗಳು, ಐಐಟಿ ದೆಹಲಿ, ಗೋದ್ರೆಜ್, ವೋಲ್ಟಾಸ್ ಸೇರಿ ಇಕೋಫ್ರಿಗ್ ಅನ್ನೋ ಪ್ರಾಜೆಕ್ಟ್ ಮಾಡಿದ್ರು. ನಮ್ಮ ಸೆಕೆ, ನಮ್ಮ ವೋಲ್ಟೇಜ್ ಏರಿಳಿತ, ನಮ್ಮ ರಿಪೇರಿ ಅಂಗಡಿಗಳು, ಇವಕ್ಕೆಲ್ಲ ಹೊಂದುತ್ತಾ ಅಂತ ಇಲ್ಲೇ ಪರೀಕ್ಷೆ ಆಯ್ತು. ಇವತ್ತು ಹೊಸ ಫ್ರಿಜ್ಜಿನ ಕಂಪ್ರೆಸರ್ ಮೇಲೆ ಹಳದಿ ತ್ರಿಕೋನದಲ್ಲಿ ಬೆಂಕಿ ಗುರುತು, ಪಕ್ಕದಲ್ಲಿ ಆರ್ 600ಎ ಅಂತ ಇರುತ್ತಲ್ಲ, ಐಸೋಬ್ಯುಟೇನ್ ಅನ್ನೋ ಹೈಡ್ರೋಕಾರ್ಬನ್ ಅದು, ಅದರ ಹಿಂದೆ ಇಷ್ಟು ಜನರ ಕೆಲಸ ಇದೆ.

ಆರ್ 600ಎ ಬಗ್ಗೆ ಕೆಲಸದ ಮಾತು ಒಂದು ಹೇಳಿಬಿಡ್ತೀನಿ. ಅದು ತುಂಬೋದೇ ಐವತ್ತು ಅರವತ್ತು ಗ್ರಾಂ. ಗೇಜ್ ನೋಡಿ ಅಂದಾಜಲ್ಲಿ ಬಿಡೋ ಅಭ್ಯಾಸ ಇಲ್ಲಿ ನಡೆಯಲ್ಲ, ಗ್ರಾಂ ತೋರಿಸೋ ತಕ್ಕಡಿ ಬೇಕು, ವ್ಯಾಕ್ಯೂಮ್ ಸರಿಯಾಗಿ ಎಳೆದಿರಬೇಕು. ಒಳಗೆ ಗ್ಯಾಸ್ ಇರುವಾಗಲೇ ಟಾರ್ಚ್ ಹಚ್ಚಿ ಪೈಪ್ ಬಿಚ್ಚೋಕೆ ಹೋಗಬೇಡಿ, ಕಿಟಕಿ ಬಾಗಿಲು ಇಲ್ಲದ ಕೋಣೆಯಲ್ಲಂತೂ ಬೇಡವೇ ಬೇಡ. ಮತ್ತೆ ಹಳೇ ಆರ್ 22 ಎಸಿಗೆ ಪ್ರೊಪೇನ್ ತುಂಬೋದು, ಅಡುಗೆ ಸಿಲಿಂಡರಿಂದ ಫ್ರಿಜ್ಜಿಗೆ ಬಿಡೋದು, ಇದನ್ನ ಯಾರು ಹೇಳಿಕೊಟ್ಟರೂ ಮಾಡಬೇಡಿ, ಜೀವ ಹೋಗುತ್ತೆ.

ಇಂಥ ಮಾತನ್ನ ಮೆಕ್ಯಾನಿಕ್‌ಗೆ ಹೇಳೋಕೂ ಆ ಸಹಕಾರದಲ್ಲಿ ಜಾಗ ಇತ್ತು. ಸ್ವಿಸ್ ನೆರವಿನಿಂದ ಸಣ್ಣ ಅಂಗಡಿಯವರಿಗೆ ತರಬೇತಿ ನಡೀತು, ಆಮೇಲೆ ಅದು ರಾಷ್ಟ್ರೀಯ ಯೋಜನೆಯೊಳಗೆ ಸೇರ್ತು. ಯಾಕಂದ್ರೆ ಫ್ಯಾಕ್ಟರಿಯಲ್ಲಿ ಎಷ್ಟೇ ಸರಿ ಮಾಡಿದ್ರೂ ಓಡ್ತಿರೋ ಲಕ್ಷಾಂತರ ಮಷೀನುಗಳಿಗೆ ಗ್ಯಾಸು ಬಿಡೋದು ತುಂಬೋದು ಇವರ ಕೈಲೇ. ಇನ್ನೊಂದು ಕಡೆ ಗ್ಯಾಸು ತಯಾರಿಸೋ ಕಾರ್ಖಾನೆಗಳನ್ನ ನಿಲ್ಲಿಸೋಕೆ 1999ರಲ್ಲಿ ಭಾರತಕ್ಕೆ 8.2 ಕೋಟಿ ಡಾಲರ್ ಒಪ್ಪಿಗೆ ಆಯ್ತು, ಪ್ರತಿ ವರ್ಷ ಇಷ್ಟಿಷ್ಟು ಉತ್ಪಾದನೆ ಇಳಿಸಿದ್ರೆ ಇಷ್ಟಿಷ್ಟು ದುಡ್ಡು ಅಂತ. 2010ರ ಗಡುವು ಇತ್ತು, ಭಾರತ 2008ರ ಆಗಸ್ಟ್‌ಗೇ ಸಿಎಫ್‌ಸಿ ತಯಾರಿಕೆ ನಿಲ್ಲಿಸ್ತು, ಆಸ್ತಮಾ ಪಂಪಿಗೆ ಬೇಕಾದಷ್ಟನ್ನ ಮಾತ್ರ ಬಿಟ್ಟು. ನಮ್ಮವರು ಕೊಟ್ಟ ಮಾತು ಉಳಿಸಿಕೊಂಡಿದ್ದು ಇದು, ಇದನ್ನ ನಾವು ಹೆಮ್ಮೆಯಿಂದ ಹೇಳ್ಕೋಬೇಕು, ಯಾರೂ ಹೇಳೋದೇ ಇಲ್ಲ.

ಎಲ್ಲ ಚೆನ್ನಾಗೇ ಆಯ್ತಾ ಅಂದ್ರೆ ಇಲ್ಲ. ಎಸಿಗೆ ತುಂಬೋ ಆರ್ 22 ತಯಾರಿಸುವಾಗ ಎಚ್‌ಎಫ್‌ಸಿ 23 ಅನ್ನೋ ಇನ್ನೊಂದು ಗ್ಯಾಸು ಉಪಉತ್ಪನ್ನವಾಗಿ ಬರುತ್ತೆ. ಭೂಮಿ ಬಿಸಿ ಮಾಡೋದ್ರಲ್ಲಿ ಅದರ ಒಂದು ಟನ್ ಅಂದ್ರೆ 11,700 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಅಂತ ಹವಾಮಾನದ ಕ್ಯೋಟೊ ಒಪ್ಪಂದದ ಕಾರ್ಬನ್ ಕ್ರೆಡಿಟ್, ಅಂದ್ರೆ ಮಾಲಿನ್ಯ ಇಳಿಸಿದ್ದಕ್ಕೆ ಸಿಗೋ ಮಾರಬಹುದಾದ ಪತ್ರ, ಅದರ ಲೆಕ್ಕದಲ್ಲಿ ಹಿಡಿದಿದ್ರು. ಅದನ್ನ ಸುಟ್ಟು ಹಾಕೋಕೆ ಆಗೋ ಖರ್ಚು ತೀರ ಕಡಿಮೆ, ಸಿಗೋ ಕ್ರೆಡಿಟ್ ಬೆಲೆ ವಿಪರೀತ. ಚೀನಾ ಭಾರತ ಎರಡೂ ಕಡೆ ಕಾರ್ಖಾನೆಗಳು ಇದರಲ್ಲಿ ದೊಡ್ಡ ದುಡ್ಡು ಮಾಡಿದ್ವು, ಕ್ರೆಡಿಟ್‌ಗೋಸ್ಕರವೇ ಆರ್ 22 ಹೆಚ್ಚು ತಯಾರಿಸ್ತಿದ್ದಾರೆ ಅನ್ನೋ ಆರೋಪ ಬಂತು, ಕೊನೆಗೆ ಯುರೋಪಿಯನ್ ಯೂನಿಯನ್ 2013ರಿಂದ ಆ ಕ್ರೆಡಿಟ್ ತಗೊಳ್ಳೋದು ನಿಲ್ಲಿಸ್ತು. 2016ರಲ್ಲಿ ಭಾರತ ಸರ್ಕಾರ, ನಿಮ್ಮ ಖರ್ಚಲ್ಲೇ ಸುಡಿ ಅಂತ ನಮ್ಮ ಕಾರ್ಖಾನೆಗಳಿಗೆ ಹೇಳ್ತು. ಅದು ಮೊದಲೇ ಆಗಬೇಕಿದ್ದ ಕೆಲಸ. ನಿಧಿಯ ನಿಯಮದಲ್ಲಿ ನಿಜವಾದ ಖರ್ಚಿಗೆ ಮಾತ್ರ ದುಡ್ಡು, ಮಾರುಕಟ್ಟೆ ದಾರಿಯಲ್ಲಿ ಖರ್ಚಿಗೂ ಆದಾಯಕ್ಕೂ ಸಂಬಂಧವೇ ಇರಲಿಲ್ಲ, ವ್ಯತ್ಯಾಸ ಆಗಿದ್ದು ಅಲ್ಲಿ.

ಕಳ್ಳತನವೂ ನಡೀತು. 2018ರಲ್ಲಿ ವಾತಾವರಣದ ಆರ್ 11 ಅಂದುಕೊಂಡಷ್ಟು ಇಳಿತಿಲ್ಲ ಅಂತ ಅಳತೆಯಲ್ಲಿ ಗೊತ್ತಾಯ್ತು. ಗಾಳಿಯ ಜಾಡು ಹಿಡ್ಕೊಂಡು ಹೋದ್ರೆ ಪೂರ್ವ ಚೀನಾ. ಫೋಮ್ ಮಾಡೋರು ಅಗ್ಗಕ್ಕೆ ಸಿಗುತ್ತೆ ಅಂತ ಕದ್ದು ಬಳಸ್ತಿದ್ರು. ಸುದ್ದಿ ಹೊರಗೆ ಬಂದು ಚೀನಾ ಕ್ರಮ ತಗೊಂಡ ಮೇಲೆ ಎರಡು ಮೂರು ವರ್ಷದಲ್ಲಿ ಮತ್ತೆ ಇಳೀತು. ಅಳೆಯೋರು ಇರಲಿಲ್ಲ ಅಂದಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ.

ಒಟ್ಟಲ್ಲಿ ಇಲ್ಲಿವರೆಗೆ ಈ ನಿಧಿಯಿಂದ ಬಡ ದೇಶಗಳಿಗೆ 400 ಕೋಟಿ ಡಾಲರ್‌ಗೂ ಹೆಚ್ಚು ಹೋಗಿದೆ. 198 ಸದಸ್ಯರು, ಅಂದ್ರೆ ಪ್ರಪಂಚದ ಎಲ್ಲ ದೇಶಗಳೂ ಒಪ್ಪಂದದಲ್ಲಿವೆ. ಹೀಗೇ ನಡೆದ್ರೆ ಅಂಟಾರ್ಕ್ಟಿಕಾ ಮೇಲಿನ ಓಜೋನ್ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಬರುತ್ತೆ ಅಂತ ವಿಜ್ಞಾನಿಗಳ ಅಂದಾಜು. ಹವಾಮಾನದ ವಿಷಯದಲ್ಲಿ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡ್ತೀವಿ ಅಂದ್ರು, 2020ರ ಗಡುವು ತಪ್ಪಿತು, ಕೊಟ್ಟಿದ್ದರಲ್ಲೂ ದೊಡ್ಡ ಪಾಲು ಸಾಲ. ಅದಕ್ಕಿಂತ ಎಷ್ಟೋ ಸಣ್ಣ ದುಡ್ಡು ಇಲ್ಲಿ ಹೆಚ್ಚು ಕೆಲಸ ಮಾಡಿದೆ.

ಇನ್ನು ಮುಂದಿನದು. 2016ರ ಅಕ್ಟೋಬರ್‌ನಲ್ಲಿ ರುವಾಂಡದ ಕಿಗಾಲಿಯಲ್ಲಿ ಎಚ್‌ಎಫ್‌ಸಿಗಳನ್ನೂ, ಓಜೋನ್‌ಗೆ ತೊಂದರೆ ಕೊಡದಿದ್ರೂ ಭೂಮಿ ಬಿಸಿ ಮಾಡೋ ಗ್ಯಾಸುಗಳನ್ನ, ಇಳಿಸೋಕೆ ಒಪ್ಪಿಕೊಂಡ್ರು, ಅಂದ್ರೆ 134ಎ, 410ಎ, ಈಗ ಬಹುಪಾಲು ಹೊಸ ಎಸಿಯಲ್ಲಿ ಬರ್ತಿರೋ ಆರ್ 32 ಕೂಡ. ಭಾರತ 2028ರಲ್ಲಿ ಬಳಕೆ ಇನ್ನು ಮೇಲೇರದ ಹಾಗೆ ತಡೆದು, 2032ರಲ್ಲಿ ಶೇ 10 ಇಳಿಸಿ, 2047ಕ್ಕೆ ಶೇ 85 ಇಳಿಸಬೇಕು. ಅಂದ್ರೆ ಇಲ್ಲಿ ಕೂತಿರೋ ಮಕ್ಕಳ ಇಡೀ ಸರ್ವೀಸಿನಲ್ಲಿ ಇನ್ನೊಂದು ಸಲ, ಬಹುಶಃ ಎರಡು ಸಲ ಗ್ಯಾಸು ಬದಲಾಗುತ್ತೆ. ಫ್ರಿಜ್ಜಲ್ಲಿ ಕೆಲವು ಕಂಪನಿಗಳು 134ಎ ಕಡೆ ಹೋಗಿ ಮತ್ತೆ 600ಎಗೆ ಬಂದ್ವು, ಒಂದೇ ಕೆಲಸಕ್ಕೆ ಎರಡು ಖರ್ಚು. ಎಸಿಯಲ್ಲಿ ಆರ್ 290 ಅಂದ್ರೆ ಪ್ರೊಪೇನ್ ಹಾಕಿ ಮಾಡೋಕಾಗುತ್ತೆ ಅಂತ ಗೋದ್ರೆಜ್ ಜರ್ಮನ್ ನೆರವಿನಿಂದ 2012ರಲ್ಲೇ ತೋರಿಸಿದೆ, ಆದ್ರೂ ಮಾರುಕಟ್ಟೆ ಆರ್ 32 ಕಡೆ ಹೋಯ್ತು. ಮತ್ತೆ ಎರಡು ಖರ್ಚಾಗೋ ಮೊದಲು, ನೇರವಾಗಿ ಆರ್ 290ಗೇ ಯಾಕೆ ಹೋಗಬಾರದು ಅನ್ನೋ ಪ್ರಶ್ನೆಯನ್ನ ಗಟ್ಟಿಯಾಗಿ ಕೇಳಬೇಕು.

ನಮ್ಮ ದೇಶದ ಪರವಾಗಿ ಆ 14 ಜನರ ಟೇಬಲ್ ಮುಂದೆ ಕೂರೋರಿಗೆ ನಾನು ಹೇಳೋದಾದ್ರೆ ಇಷ್ಟೇ ಹೇಳ್ತೀನಿ. ಫ್ಯಾಕ್ಟರಿಗೆ ದುಡ್ಡು ಕೊಡೋ ನಿಯಮ ಪಕ್ಕಾ ಆಗಿದೆ, ಮೆಕ್ಯಾನಿಕ್‌ಗೆ ಕೊಡೋದು ಇನ್ನೂ ಆಗಿಲ್ಲ. ಭಾರತ ಸರ್ಕಾರದ 2019ರ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಅಂತಿದೆ, ಒಳ್ಳೇದೇ, ಆದ್ರೆ ಏಪ್ರಿಲ್ ಮೇ ಸೀಸನ್ನಲ್ಲಿ ಎರಡು ದಿನ ಅಂಗಡಿ ಮುಚ್ಚಿ ತರಬೇತಿಗೆ ಹೋದ್ರೆ ಅವನ ಮನೆ ಹೇಗೆ ನಡೀಬೇಕು? ಕಾರ್ಖಾನೆ ಮಾಲೀಕನಿಗೆ ಬದಲಾವಣೆಯ ಪೂರ್ತಿ ಖರ್ಚು ಲೆಕ್ಕ ಹಾಕಿ ಕೊಡೋರು ಇವನ ಎರಡು ದಿನದ ದುಡಿಮೆಯನ್ನೂ ಆ ಖರ್ಚಲ್ಲೇ ಸೇರಿಸಲಿ. ಜೊತೆಗೆ ಗ್ರಾಂ ತಕ್ಕಡಿ, ವ್ಯಾಕ್ಯೂಮ್ ಪಂಪು, ಗ್ಯಾಸ್ ರಿಕವರಿ ಮಷೀನು ಕೈಗೆ ಬರಲಿ, ಸರ್ಟಿಫಿಕೇಟ್ ಒಂದೇ ತಗೊಂಡು ಬಂದು ಅವನು ಏನು ಮಾಡ್ತಾನೆ. ಪಾಠ ಕನ್ನಡದಲ್ಲಿರಲಿ. ನಿಮ್ಮಲ್ಲಿ ಇಂಥ ತರಬೇತಿಗೆ ಹೋಗಿ ಬಂದವರು ಯಾರಾದ್ರೂ ಇದ್ರೆ, ಅಲ್ಲಿ ಕಲಿಸಿದ್ದರಲ್ಲಿ ಅಂಗಡಿಗೆ ಬಂದ ಮೇಲೆ ಮಾಡೋಕಾಗದೇ ಉಳಿದಿದ್ದು ಏನು ಅಂತ ಹೇಳಿ, ಪ್ರಶ್ನೋತ್ತರ ಅಲ್ಲಿಂದಲೇ ಶುರು ಮಾಡೋಣ.