ಬೆಳಕು ಜಾಸ್ತಿ, ಕೆಂಪು ಕಮ್ಮಿ

ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಬೆಳೆಯುವ ಯಾರನ್ನಾದರೂ ಕೇಳಿ ನೋಡಿ. ಬೆಳಗಿನ ಜಾವ, ಇನ್ನೂ ಮಬ್ಬು ಇರುವಾಗ ತೋಟಕ್ಕೆ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಎಲೆ, ಹೂವಲ್ಲ. ಕೆಂಪು ಗುಲಾಬಿ ಆಗ ಕಪ್ಪಗೆ ಕಾಣುತ್ತದೆ. ಸುತ್ತಲಿನ ಎಲೆ ಬೂದುಬೂದಾಗಿ, ಹೂವಿಗಿಂತ ತಿಳಿಯಾಗಿ ಕಾಣುತ್ತದೆ. ಬಿಸಿಲು ಬಂದ ಮೇಲೆ ಎಲ್ಲ ತಿರುಗುಮುರುಗು. ಹೂವು ಎದ್ದು ಕಾಣುತ್ತದೆ, ಎಲೆ ಮಂಕಾಗುತ್ತದೆ.

ಹೂವು ಬದಲಾಗಿಲ್ಲ. ಬದಲಾಗಿದ್ದು ನಮ್ಮ ಕಣ್ಣು. ಕಣ್ಣಿನ ಹಿಂಭಾಗದ ಪರದೆಯಲ್ಲಿ ರಾಡ್ ಮತ್ತು ಕೋನ್ ಅಂತ ಎರಡು ಬಗೆಯ ಜೀವಕೋಶಗಳಿವೆ. ರಾಡ್‌ಗಳಿಗೆ ಚೂರು ಬೆಳಕು ಸಾಕು, ಆದರೆ ಬಣ್ಣ ಗೊತ್ತಾಗುವುದಿಲ್ಲ. ಕಡುಗೆಂಪು ಅಂತೂ ಅವಕ್ಕೆ ಹೆಚ್ಚೂಕಮ್ಮಿ ಕಾಣುವುದೇ ಇಲ್ಲ. ಬಣ್ಣ ನೋಡುವುದು ಕೋನ್‌ಗಳ ಕೆಲಸ, ಅವಕ್ಕೆ ಬೆಳಕು ಜಾಸ್ತಿ ಬೇಕು. ಹಗಲಲ್ಲಿ ನಮ್ಮ ಕಣ್ಣು ತುಂಬಾ ಚುರುಕಾಗಿರುವುದು 555 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ, ಬಣ್ಣ ಬದಲಾದಂತೆ ಇದೂ ಬದಲಾಗುತ್ತದೆ) ಆಸುಪಾಸಿನ ಹಳದಿ-ಹಸಿರಿಗೆ. ಕತ್ತಲಾದರೆ ಆ ಚುರುಕು ನೀಲಿಯ ಕಡೆಗೆ, 507ರ ಹತ್ತಿರಕ್ಕೆ ಸರಿಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು. ಅವರೂ ನಸುಕಿನಲ್ಲಿ ಹೂ ನೋಡಿಯೇ ಇದನ್ನು ಹಿಡಿದರು ಅಂತ ಹೇಳುತ್ತಾರೆ.

ಸರಿ, ಈಗ ನನ್ನ ತಕರಾರಿಗೆ ಬರುತ್ತೇನೆ. ಅದೇ ಗುಲಾಬಿ ಬೆಳಕು ಹರಿಯುವ ಮೊದಲೇ ಮಂಡಿಗೆ ಹೋಗುತ್ತದೆ. ಅಲ್ಲಿ ಬಣ್ಣ ನೋಡಿ ರೇಟು ಕಟ್ಟುತ್ತಾರೆ. ಮೇಲೆ ಏನು ನೇತಾಡುತ್ತಿರುತ್ತದೆ? ಅಂಗಡಿಯಲ್ಲಿ ಸಿಕ್ಕ ಅತಿ ಬಿಳಿಯ, ಅತಿ ಅಗ್ಗದ ಎಲ್‌ಇಡಿ ಬಲ್ಬು. ವ್ಯಾಟ್ ಜಾಸ್ತಿ ಇದ್ದರೆ ಚೆನ್ನಾಗಿ ಕಾಣುತ್ತದೆ ಅನ್ನುವುದು ನಮ್ಮ ಲೆಕ್ಕ. ಆ ಲೆಕ್ಕವೇ ತಪ್ಪು ಅನ್ನುತ್ತೇನೆ ನಾನು.

ಬಿಳಿ ಎಲ್‌ಇಡಿ ಒಳಗೆ ನಿಜಕ್ಕೂ ಇರುವುದು ನೀಲಿ ದೀಪ. ಈ ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿ ಲೇಪಿಸಿರುತ್ತಾರೆ. ನೀಲಿ, ಹಳದಿ ಎರಡೂ ಸೇರಿ ನಮಗೆ ಬಿಳಿ ಅನ್ನಿಸುತ್ತದೆ. ಆದರೆ ಅಗ್ಗದ ಬಲ್ಬಿನಲ್ಲಿ ಕಡುಗೆಂಪು ಬಹಳ ಕಮ್ಮಿ. ಕೆಂಪು ಎಸಳು ತನ್ನ ಮೇಲೆ ಬಿದ್ದ ಕೆಂಪನ್ನಷ್ಟೇ ವಾಪಸ್ ಕಳಿಸುತ್ತದೆ. ಕೊಡದ ಸಾಲ ಎಲ್ಲಿಂದ ವಾಪಸ್ ಬರಬೇಕು? ಹೂವು ಕಂದುಗಟ್ಟಿದಂತೆ, ಎರಡು ದಿನ ಹಳೆಯದಾದಂತೆ ಕಾಣುತ್ತದೆ. ಪಕ್ಕದಲ್ಲೇ ಇರುವ ಹಳದಿ ಸೇವಂತಿಗೆಗೆ ಈ ಕಷ್ಟವಿಲ್ಲ, ಬಲ್ಬಿನಲ್ಲಿ ಹಳದಿ ಧಾರಾಳವಾಗಿದೆ. "ಕಲರ್ ಇಲ್ಲ ಕಣಣ್ಣ" ಅಂತ ಕೇಳಿಸಿಕೊಳ್ಳುವವನು ಗುಲಾಬಿ ತಂದ ರೈತ.

ಮೊಬೈಲ್ ಟಾರ್ಚ್ ಹಾಕಿ ನೋಡುತ್ತಾರಲ್ಲ ಅನ್ನಬಹುದು. ಅದೂ ಅದೇ ಬಿಳಿ ಎಲ್‌ಇಡಿ ಸ್ವಾಮಿ!

ವ್ಯಾಟ್ ಏರಿಸಿದರೂ ಪ್ರಯೋಜನ ಕಮ್ಮಿ. ಮೇಲೆ ಬೀಳುವ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ರಾತ್ರಿ ಮನೆಯೊಳಗಿನ ಬೆಳಕು ನೂರಿನ್ನೂರು ಲಕ್ಸ್ ಇದ್ದರೆ ಹೆಚ್ಚು. ನೂರಾರು ಪಟ್ಟು ವ್ಯತ್ಯಾಸವಿದ್ದರೂ ಎರಡು ಕಡೆಯೂ ಆರಾಮಾಗಿ ಓದುತ್ತೇವೆ, ಅಲ್ವಾ? ಕಣ್ಣು ಮೀಟರಿನ ಹಾಗೆ ಅಳೆಯುವುದಿಲ್ಲ, ಪಕ್ಕದ್ದಕ್ಕೆ ಹೋಲಿಸಿ ನೋಡುತ್ತದೆ. ಹಾಗಾಗಿ 20 ವ್ಯಾಟ್ ತೆಗೆದು 40 ಹಾಕಿದರೆ ಬೆಳಕು ಎರಡರಷ್ಟು ಅನ್ನಿಸುವುದೇ ಇಲ್ಲ. ಬರಿ ಬಲ್ಬು ಮುಖದ ಮಟ್ಟಕ್ಕೆ ನೇತುಹಾಕಿದರಂತೂ ಇನ್ನೂ ಕೆಟ್ಟದು. ಆ ಬೆಳಕು ಕಣ್ಣಿನೊಳಗೇ ಚದುರಿ, ನೋಡಬೇಕಾದ್ದರ ಮೇಲೆ ಮಂಜು ಕವಿದಂತಾಗುತ್ತದೆ. ವಯಸ್ಸಾದವರಿಗೆ ಇದು ಜಾಸ್ತಿ, ಏಕೆಂದರೆ ಕಣ್ಣಿನ ಮಸೂರ ಮೊದಲಿನಷ್ಟು ತಿಳಿಯಾಗಿರುವುದಿಲ್ಲ.

ನೋಡಬೇಕಾದ್ದು ಡಬ್ಬದ ಮೇಲಿನ ಇನ್ನೊಂದು ಸಂಖ್ಯೆ, ಸಿಆರ್‌ಐ. ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. ಇದರಲ್ಲೂ ಒಂದು ಕೊಕ್ಕೆ ಇದೆ. ಈ ಅಂಕ 8 ತೆಳು ಬಣ್ಣಗಳ ಸರಾಸರಿ. ಕಡುಗೆಂಪಿನ ಅಂಕ ಬೇರೆ, ಅದರ ಹೆಸರು ಆರ್9. ಸರಾಸರಿಗೆ ಅದನ್ನು ಸೇರಿಸುವುದೇ ಇಲ್ಲ! 80 ಅಂಕದ ಬಲ್ಬು ಕೆಂಪಿನಲ್ಲಿ ಫೇಲಾಗಿದ್ದರೂ ಡಬ್ಬ ಚೆನ್ನಾಗಿಯೇ ಕಾಣುತ್ತದೆ.

ಬೆಳಕಿನ ಆಟ ಮಾರುವವರಿಗೆ ಹೊಸದೇನಲ್ಲ. ರಸ್ತೆ ಬದಿ ಕಲ್ಲಂಗಡಿ ರಾಶಿಗೆ ಕೆಂಪು ಟಾರ್ಪಾಲ್ ಕಟ್ಟುವುದು ಬರೀ ಬಿಸಿಲಿಗೆ ಅಂತ ಯಾರೂ ನಂಬಬೇಡಿ. ಅಲ್ಲಿ ಇಲ್ಲದ ಕೆಂಪು ಹಚ್ಚುತ್ತಾರೆ. ಮಂಡಿಯಲ್ಲಿ ಇರುವ ಕೆಂಪನ್ನು ಕಳೆಯುತ್ತೇವೆ, ಅದೂ ಬೆಳೆದವನ ಖರ್ಚಿನಲ್ಲಿ.

ಆದ್ದರಿಂದ ಮಂಡಿ ಮಾಲೀಕರಿಗೆ ನನ್ನ ಮಾತು ಇಷ್ಟೇ. ಎಲ್ಲ ಬಲ್ಬು ಬದಲಿಸುವುದು ಬೇಡ. ಹೂವು ಸುರಿದು ರೇಟು ಕೂಗುವ ಜಾಗದ ಮೇಲೆ ಮಾತ್ರ, 90ಕ್ಕಿಂತ ಹೆಚ್ಚು ಸಿಆರ್‌ಐ ಇರುವ, ಆರ್9 ಕೂಡ ಮುದ್ರಿಸಿರುವ ದೀಪ ಹಾಕಿ. ತಲೆಗಿಂತ ಎತ್ತರಕ್ಕೆ, ಮೇಲೆ ಮುಚ್ಚಳ ಇಟ್ಟು ಕಟ್ಟಿ. ದುಡ್ಡು ಸ್ವಲ್ಪ ಜಾಸ್ತಿ ಬೀಳುತ್ತದೆ. ಬೀಳಲಿ ಬಿಡಿ, ಕಮಿಷನ್ ತಗೊಳ್ಳುತ್ತೀರಲ್ಲ.