ಮೊದಲ ಸಿನಿಮಾ ಸರಿ, ಎರಡನೆಯದು?

ನಮಸ್ಕಾರ ಕೇಳುಗರೇ. ಚಿತ್ರೋತ್ಸವದ ಪಟ್ಟಿ ಕೈಗೆ ಬಂದ ತಕ್ಷಣ ನಾವೆಲ್ಲ ಮಾಡುವುದೇನು? ಗೊತ್ತಿರುವ ಹೆಸರು ಹುಡುಕುತ್ತೇವೆ. ಆ ದೊಡ್ಡ ನಿರ್ದೇಶಕರ ಹೊಸ ಸಿನಿಮಾ ಬಂದಿದೆಯಾ, ಟಿಕೆಟ್ ಸಿಗುತ್ತದಾ ಅಂತ. ಆ ಪುಟ ದಾಟಿ ಮುಂದೆ ಹೋಗಿ ಅಂತ ನಾನು ಹೇಳುತ್ತೇನೆ. ಹೊಸಬರ ವಿಭಾಗ ಅಂತ ಒಂದು ಇರುತ್ತದೆ. ದೊಡ್ಡವರ ಚಿತ್ರ ಇವತ್ತಲ್ಲ ನಾಳೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಹೊಸಬರದ್ದು ಹಾಗಲ್ಲ, ಉತ್ಸವದ ಆ ಒಂದೆರಡು ಪ್ರದರ್ಶನ ತಪ್ಪಿದರೆ ಎಷ್ಟೋ ಚಿತ್ರಗಳು ಮತ್ತೆ ಕಣ್ಣಿಗೆ ಬೀಳುವುದೇ ಇಲ್ಲ.

ಫ್ರಾನ್ಸಿನ ಕಾನ್ ಚಿತ್ರೋತ್ಸವದ ಜೊತೆಜೊತೆಗೇ ‘ವಿಮರ್ಶಕರ ವಾರ’ ನಡೆಯುತ್ತದೆ. ಫ್ರೆಂಚ್ ಸಿನಿಮಾ ವಿಮರ್ಶಕರು 1962ರಲ್ಲಿ ಶುರು ಮಾಡಿದ್ದು. ಅಲ್ಲಿ ಸ್ಪರ್ಧೆಗೆ ಬರಬೇಕಾದರೆ ಅದು ನಿರ್ದೇಶಕರ ಮೊದಲನೇ ಅಥವಾ ಎರಡನೇ ಚಿತ್ರ ಆಗಿರಬೇಕು. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲೂ ಹೊಸಬರ ಸ್ಪರ್ಧೆಗೆ ಇದೇ ನಿಯಮ. ಎರಡನೆಯದನ್ನೂ ಸೇರಿಸಿಕೊಂಡಿದ್ದಾರಲ್ಲ, ನನಗೆ ತುಂಬಾ ಇಷ್ಟವಾಗುವುದು ಅದೇ.

ಯಾಕೆಂದರೆ ಮೊದಲ ಚಿತ್ರ ಹೇಗೋ ಆಗಿಬಿಡುತ್ತದೆ. ಗೆಳೆಯರು ಪುಕ್ಕಟೆ ಕೆಲಸ ಮಾಡುತ್ತಾರೆ, ಯಾರದೋ ಮನೆಯೇ ಸೆಟ್ ಆಗುತ್ತದೆ. ಈಗ ಹಾಲಿವುಡ್‌ನ ದೊಡ್ಡ ನಿರ್ದೇಶಕರಾಗಿರುವ ಕ್ರಿಸ್ಟೋಫರ್ ನೋಲನ್ ತಮ್ಮ ಮೊದಲ ಚಿತ್ರವನ್ನು ಹೀಗೇ ಮಾಡಿದ್ದು. ಎಲ್ಲರಿಗೂ ಬೇರೆ ಕೆಲಸ ಇತ್ತು, ವಾರದ ಕೊನೆಯಲ್ಲಿ ಮಾತ್ರ ಶೂಟಿಂಗ್, ಅದೂ ಸುಮಾರು ಒಂದು ವರ್ಷ. ಆ ಕಪ್ಪು ಬಿಳುಪು ಚಿತ್ರಕ್ಕೆ 1999ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಉತ್ಸವದ ಟೈಗರ್ ಪ್ರಶಸ್ತಿ ಬಂತು. ಆದರೆ ಎರಡನೇ ಸಲ ಅದೇ ಗೆಳೆಯರನ್ನು ಪುಕ್ಕಟೆ ಕರೆಯಲು ಮುಖ ಇರುವುದಿಲ್ಲ. ಹೊಸಬ ಅನ್ನುವ ಕುತೂಹಲ ಮುಗಿದಿರುತ್ತದೆ, ಹಣ ಹಾಕುವವರು ನಂಬುವಷ್ಟು ಹೆಸರೂ ಆಗಿರುವುದಿಲ್ಲ.

ಪ್ರಶಸ್ತಿಗಳೂ ಜಾಸ್ತಿ ಮೊದಲ ಚಿತ್ರಕ್ಕೇ. ಕಾನ್‌ನಲ್ಲಿ ಕ್ಯಾಮೆರಾ ಡಿ'ಓರ್ ಇದೆ, 1978ರಿಂದ ಕೊಡುತ್ತಿದ್ದಾರೆ. ನಮ್ಮ ದೇಶದವರಲ್ಲಿ 1988ರಲ್ಲಿ ಮೀರಾ ನಾಯರ್, 1999ರಲ್ಲಿ ಮುರಳಿ ನಾಯರ್ ಗೆದ್ದದ್ದು ಅದನ್ನೇ. ವೆನಿಸ್‌ನಲ್ಲಿ ಮೊದಲ ಚಿತ್ರಕ್ಕೆ ಒಂದು ಲಕ್ಷ ಡಾಲರ್ ಕೊಡುತ್ತಾರೆ, ನಿರ್ದೇಶಕ ಮತ್ತು ನಿರ್ಮಾಪಕರಿಗೆ ಅರ್ಧರ್ಧ. 2014ರಲ್ಲಿ ಅದು ಮುಂಬೈನ ನಿರ್ದೇಶಕ ಚೈತನ್ಯ ತಮ್ಹಾಣೆ ಪಾಲಾಯಿತು. ಮರುವರ್ಷ ಲೊಕಾರ್ನೊದಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ ಎರಡು ಪ್ರಶಸ್ತಿ ತಂದಿತು. ತಮ್ಹಾಣೆ ಅವರ ಎರಡನೇ ಚಿತ್ರ ಉತ್ಸವದಲ್ಲಿ ಮೊದಲು ತೆರೆ ಕಂಡದ್ದು 2020ರಲ್ಲಿ, ರಾಮ್ ರೆಡ್ಡಿ ಅವರದ್ದು 2024ರಲ್ಲಿ. ಲೆಕ್ಕ ಹಾಕಿ ನೋಡಿ. ಇವರು ಗೆದ್ದವರು! ಬರೀ ಆಯ್ಕೆಯಾಗಿ, ಚಪ್ಪಾಳೆ ಗಿಟ್ಟಿಸಿ, ಬರಿಗೈಲಿ ಮನೆಗೆ ಬಂದವರ ಕಥೆ ಕೇಳುವುದೇ ಬೇಡ.

ಇನ್ನೊಂದು ತೊಡಕಿದೆ, ಪ್ರೀಮಿಯರ್ ಅನ್ನುವುದು, ಅಂದರೆ ಮೊಟ್ಟಮೊದಲ ಪ್ರದರ್ಶನ. ಚಿತ್ರ ಬೇರೆ ಎಲ್ಲೂ ತೋರಿಸಿರಬಾರದು ಅಂತ ದೊಡ್ಡ ಉತ್ಸವಗಳು ಪಟ್ಟು ಹಿಡಿಯುತ್ತವೆ. ಈಗ ನೋಡಿ, ಸಣ್ಣ ಉತ್ಸವವೊಂದು ಬನ್ನಿ ಅನ್ನುತ್ತದೆ, ದೊಡ್ಡದರಿಂದ ಇನ್ನೂ ಉತ್ತರ ಬಂದಿಲ್ಲ. ಒಪ್ಪಿಕೊಂಡರೆ ದೊಡ್ಡದರ ಬಾಗಿಲು ಮುಚ್ಚಬಹುದು, ಕಾದರೆ ಎರಡೂ ಹೋಗಬಹುದು. ಹೆಸರಿರುವವರಿಗೆ ಈ ಚಿಂತೆ ಅಷ್ಟಿಲ್ಲ, ಅವರನ್ನು ಕರೆದು ಕೂರಿಸುತ್ತಾರೆ. ಹೊಸಬರಿಗೆಂದೇ ಇರುವ ಜಾಗದಲ್ಲೂ ಈ ಹಟ ಯಾಕೆ ಅಂತ ನನಗೆ ಸಿಟ್ಟು ಬರುತ್ತದೆ.

ಅದಕ್ಕೇ ನ್ಯೂಯಾರ್ಕಿನ ಹೊಸಬರ ಉತ್ಸವ ‘ನ್ಯೂ ಡೈರೆಕ್ಟರ್ಸ್, ನ್ಯೂ ಫಿಲ್ಮ್ಸ್’ ನನಗೆ ಮೆಚ್ಚುಗೆ. 1972ರಿಂದ ನಡೆಯುತ್ತಿದೆ, ಅಲ್ಲಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಕಲಾ ಕೇಂದ್ರವಾದ ಲಿಂಕನ್ ಸೆಂಟರ್‌ನವರು ಸೇರಿ ನಡೆಸುತ್ತಾರೆ. ಬೇರೆ ಕಡೆ ತೋರಿಸಿದ ಚಿತ್ರವನ್ನೂ ಕರೆಯುತ್ತಾರೆ. ತಮ್ಹಾಣೆ ಅವರ ಮೊದಲ ಚಿತ್ರವೂ ‘ತಿಥಿ’ಯೂ ಆಮೇಲೆ ಅಲ್ಲಿಗೆ ಹೋದವೇ. ಒಂದು ಕಡೆ ಸಿಕ್ಕ ಒಳ್ಳೆಯದನ್ನು ಇನ್ನೊಂದು ಊರಿನವರೂ ನೋಡಲಿ ಅಂದರೆ ಯಾರಿಗೆ ನಷ್ಟ, ಅಲ್ವಾ?

ಹೊಸಬರ ವಿಭಾಗದ ಚಿತ್ರಗಳೆಲ್ಲ ಚೆನ್ನಾಗಿರುತ್ತವೆ ಅಂತ ನಾನು ಸುಮ್ನೆ ಹೊಗಳುವುದಿಲ್ಲ. ಕೆಲವು ಎಳೆಯುತ್ತವೆ, ಕೆಲವು ಅರ್ಧಕ್ಕೇ ದಾರಿ ತಪ್ಪುತ್ತವೆ. ಆದರೂ ಚಿತ್ರ ಮುಗಿದ ಕೂಡಲೇ ಎದ್ದು ಓಡಬೇಡಿ, ನಿರ್ದೇಶಕರು ಮಾತಾಡಲು ಬಂದು ನಿಂತಿರುತ್ತಾರೆ. ಬಜೆಟ್ ಎಷ್ಟು ಅಂತ ಕೇಳುವವರು ಹೇಗೂ ಇದ್ದೇ ಇರುತ್ತಾರೆ. ನೀವು ಯಾವುದಾದರೂ ಒಂದು ದೃಶ್ಯದ ಬಗ್ಗೆ ಕೇಳಿ.